ಪಾಪರ್ ಅರ್ಜಿ ಹಾಕಿದರೆ ಮನೆ ಉಳಿಯುತ್ತದೆಯೆ?

ಅಂಗಡಿ ಮುಳುಗುವ ಹಂತಕ್ಕೆ ಬಂದ ವ್ಯಾಪಾರಿಗೆ ಸಿಗುವಷ್ಟು ಪುಕ್ಕಟೆ ಸಲಹೆ ನಮ್ಮ ಜಿಲ್ಲೆಯಲ್ಲಿ ಬೇರೆ ಯಾರಿಗೂ ಸಿಗುವುದಿಲ್ಲ. ತುಮಕೂರಿನ ಮಂಡಿಪೇಟೆಯಿರಲಿ, ಗುಬ್ಬಿಯ ಹೋಟೆಲಿರಲಿ, ಕುಣಿಗಲ್ ಬಸ್ಸಿನ ಹಿಂದಿನ ಸೀಟಿರಲಿ, ಒಂದೇ ಮಾತು: "ಪಾಪರ್ ಅರ್ಜಿ ಹಾಕ್ಬಿಡಿ ಸ್ವಾಮಿ, ಸಾಲ ಎಲ್ಲಾ ಖಲಾಸ್. ಮನೆ ಮುಟ್ಟೋಕೆ ಯಾರ ಕೈಲೂ ಆಗಲ್ಲ."

ಕೈಸಾಲದ ಮಟ್ಟಿಗೆ ಇದರಲ್ಲಿ ಸ್ವಲ್ಪ ನಿಜವಿದೆ. ಮನೆಪತ್ರ ಬ್ಯಾಂಕಿನಲ್ಲಿಟ್ಟವನ ವಿಷಯದಲ್ಲಿ ಇದು ಶುದ್ಧ ಸುಳ್ಳು.

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು, ನಿಜ. ಆದರೆ ಅದರಲ್ಲಿ ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರಿನಲ್ಲಿ ಜಾರಿ ಮಾಡಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಕಿರಾಣಿ ಅಂಗಡಿಯವನಿಗೆ ಗತಿ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ; 500 ರೂಪಾಯಿ ಸಾಲವಿದ್ದವನೂ ಬರಲಿ ಎಂದು ಬ್ರಿಟಿಷರು ಬರೆದಿಟ್ಟದ್ದು! ಅದರ 28ನೇ ಕಲಮಿನ ಪ್ರಕಾರ ದಿವಾಳಿ ಎಂದು ಆದೇಶವಾದ ಮೇಲೆ ಕೈಸಾಲ ಕೊಟ್ಟವರು ಕೋರ್ಟಿನ ಅನುಮತಿಯಿಲ್ಲದೆ ದಾವಾ ಹೂಡುವಂತಿಲ್ಲ. ಆದರೆ ಅಡವಿಟ್ಟುಕೊಂಡು ಸಾಲ ಕೊಟ್ಟವನ ಹಕ್ಕಿಗೆ ಧಕ್ಕೆಯಿಲ್ಲ ಅಂತ ಅದೇ ಕಲಮು ಹೇಳುತ್ತದೆ. ಮನೆ ಬ್ಯಾಂಕಿಗೆ, ಲಾರಿ ಫೈನಾನ್ಸಿಗೆ, ಹೆಂಡತಿಯ ಸರ ಚಿನ್ನದ ಸಾಲದವನಿಗೆ. ಮಾರಿದರೂ ಬಾಕಿ ಉಳಿದರೆ ಆ ಬಾಕಿಗೆ ಅವನೂ ಉಳಿದವರ ಜೊತೆ ಪಾಲು ಕೇಳಬಹುದು.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ದೇವರಾಜ ಅರಸರ ಸರಕಾರ 1976ರಲ್ಲಿ ಋಣ ಪರಿಹಾರ ಕಾಯಿದೆ ತಂದಾಗ ಬಡವರ ಲೇವಾದೇವಿ ಸಾಲ ಮನ್ನಾ ಆಯಿತು, ಒತ್ತೆಯಿಟ್ಟ ಒಡವೆ ವಾಪಸು ಬಂತು. ಆ ನೆನಪು ಇನ್ನೂ ಹೋಗಿಲ್ಲವೇನೋ. ಆಗಲೂ ಬ್ಯಾಂಕಿನ ಸಾಲ ಅದರೊಳಗೆ ಬರಲಿಲ್ಲ ಅನ್ನೋದು ಮಾತ್ರ ಮರೆತುಹೋಗಿದೆ.

ಬ್ಯಾಂಕಿಗೆ ಈಗ 2002ರ ಸರ್ಫೇಸಿ ಕಾಯಿದೆ ಇದೆ. ಕಂತು 90 ದಿನ ನಿಂತರೆ ಸಾಲ ಕೆಟ್ಟಿತೆಂದು ಲೆಕ್ಕ. ಆಮೇಲೆ 60 ದಿನದ ನೋಟೀಸು. ಅದೂ ಮುಗಿದರೆ ದಾವಾ ಹೂಡದೆಯೇ ಮನೆ ವಶಕ್ಕೆ ತೆಗೆದುಕೊಳ್ಳಬಹುದು. ನೋಟೀಸು ಎಷ್ಟೋ ಸಲ ಇಂಗ್ಲಿಷಿನಲ್ಲಿರುತ್ತದೆ, ನಮ್ಮವರು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಸುಮ್ಮನಾಗುತ್ತಾರೆ. ಬ್ಯಾಂಕಿನವರು ಕನ್ನಡದಲ್ಲಿ ಬರೆದರೆ ಗಂಟೇನು ಹೋಗುತ್ತದೆ?

ಆ 60 ದಿನವೇ ಚಿನ್ನದಂಥ ದಿನ. ಲಿಖಿತ ತಕರಾರು ಕೊಡಿ, 15 ದಿನದೊಳಗೆ ಬ್ಯಾಂಕು ಉತ್ತರ ಕೊಡಲೇಬೇಕು. ಉಳಿಸಿಕೊಳ್ಳಲು ಆಗುವುದೇ ಇಲ್ಲ ಅನ್ನಿಸಿದರೆ ನೀವೇ ಗಿರಾಕಿ ಹುಡುಕಿ, ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಮಾರಿ. ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಹರಾಜಿನ ರೇಟು ಎಂಥದ್ದು ಅಂತ ವ್ಯಾಪಾರಿಗೆ ನಾವು ಹೇಳಬೇಕೆ? ಮನೆ ವಶವಾದರೂ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಹರಾಜಿನ ಪ್ರಕಟಣೆ ಹೊರಡುವವರೆಗೂ ಪೂರ್ತಿ ಬಾಕಿ ಕಟ್ಟಿ ಬಿಡಿಸಿಕೊಳ್ಳಲು ಅವಕಾಶವಿದೆ. ಸಾಗುವಳಿ ಜಮೀನನ್ನು ಈ ಕಾಯಿದೆಯಲ್ಲಿ ಹಿಡಿಯುವಂತಿಲ್ಲ. ಅದಕ್ಕೆ ಬ್ಯಾಂಕು ಬೇರೆ ದಾರಿ ಹಿಡಿಯಬೇಕು.

ಆದರೆ ಆಗುವುದೇನು? ಮೀಟರ್ ಬಡ್ಡಿಯವನು ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ನಿಂತು ಕೂಗಾಡುತ್ತಾನೆ. ಮರ್ಯಾದೆಗೆ ಅಂಜಿ ಬ್ಯಾಂಕಿನ ಕಂತಿಗೆಂದು ಇಟ್ಟ ದುಡ್ಡನ್ನು ಅವನ ಕೈಗೆ ಕೊಡುತ್ತಾರೆ. ಕೂಗುವವನ ಹತ್ತಿರ ಅಡವೇ ಇರುವುದಿಲ್ಲ, ಸುಮ್ಮನಿರುವವನ ಹತ್ತಿರ ಮನೆಪತ್ರ ಇರುತ್ತದೆ! ಕಿರುಕುಳ ಕೊಟ್ಟು ವಸೂಲಿ ಮಾಡುವ ಇಂಥವರಿಗೆ 10 ವರ್ಷದವರೆಗೆ ಜೈಲೆಂದು ನಮ್ಮ ರಾಜ್ಯ 2025ರಲ್ಲಿ ಕಾನೂನು ಮಾಡಿದೆ. ಪೊಲೀಸ್ ಠಾಣೆಗೆ ಹೋಗಲು ನಾಚಿಕೆ ಯಾಕೆ?

ಇನ್ನು ಕೆಲವರು ಇರುವ ಸೈಟನ್ನು ಬಾಮೈದನ ಹೆಸರಿಗೆ ಬರೆದು ಆಮೇಲೆ ಪಾಪರ್ ಅರ್ಜಿ ಹಿಡಿದು ಹೋಗುತ್ತಾರೆ. ಹಿಂದಿನ ಎರಡು ವರ್ಷದ ಇಂಥ ಪುಕ್ಕಟೆ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ಸಾಲದ್ದಕ್ಕೆ ಕೋರ್ಟಿನ ಕಣ್ಣಲ್ಲಿ ನೀವು ಮೋಸಗಾರ.

ಜಾಮೀನು ಹಾಕಿದ ಸ್ನೇಹಿತನ ಗತಿ? ಕೋರ್ಟು ನಿಮ್ಮನ್ನು ಋಣಮುಕ್ತ ಎಂದರೂ ಅವನು ಮುಕ್ತನಲ್ಲ, ಬ್ಯಾಂಕು ನೇರ ಅವನ ಬಾಗಿಲಿಗೆ ಹೋಗುತ್ತದೆ. ಅರ್ಜಿಗೆ ಸಹಿ ಹಾಕುವ ಮೊದಲು ಅವನಿಗೊಂದು ಮಾತು ಹೇಳಿ. ಆಮೇಲೆ ಇಬ್ಬರೂ ಸೇರಿ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ನೋಟೀಸನ್ನು ಮರೆಯದೆ ಜೊತೆಗೆ ಒಯ್ಯಿರಿ.