ಅರ್ಥವಾಯಿತಾ ಎಂದರೆ ತಲೆಯಾಡಿಸುವ ಮಕ್ಕಳು



ಈಚೆಗೆ ಒಂದು ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾವೆಲ್ಲ ಮಾತನಾಡುತ್ತ ನಿಂತಿದ್ದೆವು. ಪರಿಗಿ ಕಡೆಯಿಂದ ಬರುವ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನನ್ನ ಹತ್ತಿರ ಬಂದರು.

"ಸಾರ್, ನೀವು ಕಾಲೇಜಿನಲ್ಲಿ ಪಾಠ ಹೇಳಿದವರು. ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ರಾತ್ರಿ ಹನ್ನೊಂದು ಗಂಟೆಯವರೆಗೂ ಓದ್ತಾಳೆ. ಆದ್ರೂ ಎರಡು ಸಬ್ಜೆಕ್ಟ್ ಹೋಗಿದೆ. ಸಾಕು, ಗಾರ್ಮೆಂಟ್ಸ್‌ಗೆ ಹೋಗಲಿ ಅಂತಿದಾರೆ ಇವರಪ್ಪ."

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಬಿ.ಕಾಂ. ಮೊದಲ ವರ್ಷ. ಮಡಕಶಿರಾ ಕಡೆ ಅಜ್ಜಿಯ ಮನೆಯಲ್ಲಿದ್ದು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಶಾಲೆಯಲ್ಲಿ ಮುಂದಿನ ಬೆಂಚಿನ ಹುಡುಗಿ. ಕಾಲೇಜಿಗೆ ಬಂದ ಮೇಲೆ ಹಿಂದಿನ ಬೆಂಚಿಗೆ ಹೋಗಿದ್ದಾಳೆ. ಮುಂದಿನ ಭಾನುವಾರ ಪುಸ್ತಕ ತರಲು ಹೇಳಿದೆ.

ತಂದಳು. ತೆರೆದು ನೋಡಿದೆ. ಇಂಗ್ಲಿಷ್ ಪಠ್ಯದ ಪ್ರತಿ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳು! ಅರ್ಥವನ್ನು ಬರೆದುಕೊಂಡಿದ್ದಾಳೆ ಎಂದು ಸಂತೋಷಪಟ್ಟೆ. ಅದು ಅರ್ಥವಾಗಿರಲಿಲ್ಲ, ಉಚ್ಚಾರಣೆಯಾಗಿತ್ತು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳು. ರಾತ್ರಿ ಹನ್ನೊಂದರವರೆಗೆ ನಡೆಯುತ್ತಿದ್ದ ಓದು ಇದು.

"ತರಗತಿಯಲ್ಲಿ ಅರ್ಥವಾಗದಿದ್ದರೆ ಕೇಳುವುದಿಲ್ಲವೇನಮ್ಮಾ?" ಎಂದೆ.

"ಅರ್ಥವಾಯಿತಾ ಅಂತ ಕೇಳ್ತಾರೆ ಸಾರ್. ಎಲ್ಲರೂ ತಲೆ ಆಡಿಸ್ತಾರೆ. ನಾನೂ ಆಡಿಸ್ತೀನಿ."

ಈ ಮಾತು ನನ್ನ ಎದೆಗೆ ನಾಟಿತು. ನಾನೂ ಮೂವತ್ತು ವರ್ಷ ಹಾಗೆಯೇ ಕೇಳಿದವನು. ಎಲ್ಲರೂ ತಲೆಯಾಡಿಸಿದಾಗ, ಪಾಠ ಚೆನ್ನಾಗಿ ಆಯಿತೆಂದು ನೆಮ್ಮದಿಯಿಂದ ಹೊರಗೆ ಬಂದವನು. ಆದ್ದರಿಂದ ಈ ತಿಂಗಳು ಆ ಹುಡುಗಿಗೆ ಹೇಳಬೇಕಾದದ್ದಕ್ಕಿಂತ ನಮಗೆ ನಾವು ಹೇಳಿಕೊಳ್ಳಬೇಕಾದದ್ದೇ ಹೆಚ್ಚಾಗಿದೆ.

ಎರಡು ನದಿಗಳ ನಡುವೆ

ನಮ್ಮ ಈ ಸೀಮೆಯ ಮಕ್ಕಳ ಕಷ್ಟವನ್ನು ಮೊದಲು ತಿಳಿದುಕೊಳ್ಳೋಣ. ತುಮಕೂರಿನ ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ನದಿ ಪರಿಗಿಯ ಹತ್ತಿರ ಬಂದು ಪಿನಾಕಿನಿಯನ್ನು ಸೇರುತ್ತದೆ. ಇಲ್ಲಿ ಭಾಷೆಗಳೂ ಹಾಗೆಯೇ ಸೇರಿವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರದ ಕಡೆ ಕನ್ನಡ ಶಾಲೆಗಳಿವೆ. ಆದರೆ ಕಾಲೇಜಿನ ಬಾಗಿಲು ದಾಟಿದರೆ ಮೂರನೆಯ ಭಾಷೆ ಎದುರಾಗುತ್ತದೆ. ಆಂಧ್ರಪ್ರದೇಶದಲ್ಲಿ 2021-22ರಿಂದ ಪದವಿ ತರಗತಿಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸಲಾಯಿತು. ಮಕ್ಕಳಿಗೆ ಕಷ್ಟವಾಗಬಾರದೆಂದು ಇಂಗ್ಲಿಷ್ ಜೊತೆಗೆ ತೆಲುಗೂ ಇರುವ ಪುಸ್ತಕಗಳನ್ನು ತರುವುದಾಗಿ ಆಗ ಹೇಳಿದರು. ಒಳ್ಳೆಯದೇ. ಆದರೆ ಕನ್ನಡ ಶಾಲೆಯಿಂದ ಬಂದ ಮಗುವಿಗೆ ಪುಟದ ಎರಡು ಬದಿಯೂ ಪರಭಾಷೆಯೇ.

ಇದರಲ್ಲಿ ಉಪನ್ಯಾಸಕರದ್ದೇ ತಪ್ಪು ಎಂದು ಹೇಳುವಂತಿಲ್ಲ. ತುಂಬಿದ ತರಗತಿ, ಸೆಮಿಸ್ಟರಿನೊಳಗೆ ಮುಗಿಸಬೇಕಾದ ಪಾಠ, ಎಷ್ಟೋ ಕಡೆ ತಾತ್ಕಾಲಿಕ ಕೆಲಸ. ಆದರೂ ಪಾಠ ಮುಗಿಸುವುದು ಬೇರೆ, ಮಕ್ಕಳು ಕಲಿಯುವುದು ಬೇರೆ. ನಾವು ಮೊದಲನೆಯದನ್ನು ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇವೆ. ಎರಡನೆಯದನ್ನು ಫಲಿತಾಂಶ ಬಂದ ದಿನ ಮಾತ್ರ ನೋಡುತ್ತೇವೆ.

ಪಕ್ಕದ ಊರಿನ ಒಬ್ಬ ಮೇಷ್ಟರು

ಹಿಂದೂಪುರದಿಂದ ಗಡಿ ದಾಟಿದರೆ ಗೌರಿಬಿದನೂರು ತಾಲ್ಲೂಕು. ಅಲ್ಲಿನ ಹೊಸೂರು ಗ್ರಾಮದ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದವರು ಡಾ. ಎಚ್. ನರಸಿಂಹಯ್ಯ. ಪ್ರೌಢಶಾಲೆಗೆ ಸೇರಲು 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ ಅವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ತಿರುಗಿ ಅದೇ ಕಾಲೇಜಿಗೆ ಬಂದು ಪ್ರಿನ್ಸಿಪಾಲರಾದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಇಷ್ಟೆಲ್ಲ ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಅವರು ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಮಕ್ಕಳ ನಡುವೆ ಬದುಕಿದರು.

ಅವರ ಎಲ್ಲ ವಿಚಾರಗಳನ್ನೂ ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಅವರಿಂದ ಕಲಿಯಬೇಕಾದ ಒಂದು ಮಾತಿದೆ. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ ಎಂದು ಅವರು ಜೀವನವಿಡೀ ಮಕ್ಕಳಿಗೆ ಹೇಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನಿಗಳನ್ನು ಕರೆಸಿ, ಸಾಮಾನ್ಯ ಜನರೂ ಕುಳಿತು ಕೇಳುವಂತೆ ಮಾಡಿದರು. ಗೌರಿಬಿದನೂರು, ಬಾಗೇಪಲ್ಲಿಯಂಥ ಗಡಿ ಊರುಗಳಿಗೂ ನ್ಯಾಷನಲ್ ಕಾಲೇಜು ಬಂತು. ಹಳ್ಳಿಯ ಮಗು ಕಾಲೇಜಿಗೆ ನಡೆದು ಬರುವ ಬದಲು ಕಾಲೇಜೇ ಹಳ್ಳಿಯ ಹತ್ತಿರಕ್ಕೆ ಬರಲಿ ಎಂಬ ಕಳಕಳಿ ಅದರ ಹಿಂದೆ ಇತ್ತೆಂದು ನನಗೆ ಅನಿಸುತ್ತದೆ.

ಪ್ರಶ್ನೆ ಕೇಳುವುದು ಗುರುಗಳಿಗೆ ಅಗೌರವ ಎಂದು ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಭಾವಿಸುತ್ತಾರೆ. ಹನ್ನೆರಡು ವರ್ಷದ ಬಾಲ ಯೇಸು ಜೆರುಸಲೇಮಿನ ದೇವಾಲಯದಲ್ಲಿ ಪಂಡಿತರ ನಡುವೆ ಕುಳಿತು ಏನು ಮಾಡುತ್ತಿದ್ದರು? ಕೇಳಿಸಿಕೊಳ್ಳುತ್ತಿದ್ದರು, ಪ್ರಶ್ನೆಯನ್ನೂ ಕೇಳುತ್ತಿದ್ದರು. ಸಂತ ಲೂಕರು ಎರಡನ್ನೂ ಒಟ್ಟಿಗೆ ಹೇಳಿದ್ದಾರೆ.

ಓದುವುದು ಮತ್ತು ನೆನಪಿಸಿಕೊಳ್ಳುವುದು

ಹೆಚ್ಚು ಹೊತ್ತು ಓದಿದರೆ ಹೆಚ್ಚು ಬರುತ್ತದೆ ಎಂದು ನಾವು ನಂಬಿದ್ದೇವೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನೋಡಿ. ಕಾಲೇಜು ಮಕ್ಕಳಲ್ಲಿ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಮಾತ್ರ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಮೂರು ಸಲ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು. ಬರೀ ಓದಿದವರಿಗೆ ನೂರಕ್ಕೆ 40ರಷ್ಟು, ನೆನಪಿಸಿಕೊಂಡು ಬರೆದವರಿಗೆ ನೂರಕ್ಕೆ 61ರಷ್ಟು ನೆನಪಿತ್ತು.

ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಪರೀಕ್ಷೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ನಮ್ಮ ಹಳೆಯ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಮಗು ಪುಸ್ತಕದ ಮುಂದೆ ಕುಳಿತಿದೆ ಎಂದು ಸಮಾಧಾನಪಡಬೇಡಿ. ಪುಸ್ತಕ ಮುಚ್ಚಿದ ಮೇಲೆ ಅದಕ್ಕೆ ಏನು ಹೇಳಲು ಬರುತ್ತದೆ ಎಂದು ಕೇಳಿ.

ಮೇಷ್ಟರು ಮಾತು ನಿಲ್ಲಿಸಿದಾಗ

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಝೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರಿದ್ದಾರೆ. ಒಳ್ಳೆಯ ಪಾಠ ಮಾಡುವವರೆಂದು ಹೆಸರು ಪಡೆದವರು. 1990ರಲ್ಲಿ ಅವರು ತಮ್ಮ ವಿದ್ಯಾರ್ಥಿಗಳಿಗೆ ಸುಲಭವಾದ ಕೆಲವು ಪ್ರಶ್ನೆಗಳನ್ನು ಕೊಟ್ಟರು. ಅವುಗಳಲ್ಲಿ ಸೂತ್ರವಿಲ್ಲ, ದೊಡ್ಡ ಲೆಕ್ಕವಿಲ್ಲ, ಬರೀ ತಿಳಿವಳಿಕೆ ಬೇಕು. ಕಷ್ಟದ ಲೆಕ್ಕಗಳನ್ನು ಬಿಡಿಸುತ್ತಿದ್ದ ಮಕ್ಕಳು ಅಲ್ಲಿ ತಡವರಿಸಿದರು. ತಮ್ಮ ಪಾಠ ಕಿವಿಗೆ ಮುಟ್ಟಿತ್ತು, ತಲೆಗೆ ಇಳಿದಿರಲಿಲ್ಲ ಎಂದು ಅವರಿಗೆ ತಿಳಿಯಿತು.

ಆಮೇಲೆ ಅವರು ಪಾಠದ ನಡುವೆ ಒಂದು ಪ್ರಶ್ನೆ ಕೊಟ್ಟು, ಪ್ರತಿಯೊಬ್ಬರೂ ಉತ್ತರ ಆರಿಸಿಕೊಂಡ ಮೇಲೆ, ಪಕ್ಕದವರ ಜೊತೆ ಚರ್ಚಿಸಲು ಬಿಡತೊಡಗಿದರು. ಈಗ ತಾನೇ ಅರ್ಥ ಮಾಡಿಕೊಂಡ ಹುಡುಗ ಪಕ್ಕದವನಿಗೆ ವಿವರಿಸುವಷ್ಟು ಚೆನ್ನಾಗಿ, ಇಪ್ಪತ್ತು ವರ್ಷದ ಹಿಂದೆ ಅರ್ಥ ಮಾಡಿಕೊಂಡ ಪ್ರಾಧ್ಯಾಪಕರಿಗೆ ವಿವರಿಸಲು ಆಗುವುದಿಲ್ಲ! ಎಲ್ಲಿ ಎಡವಿದ್ದೆ ಎಂಬುದು ಅವನಿಗೆ ಇನ್ನೂ ನೆನಪಿರುತ್ತದೆ.

ಇದು ಒಬ್ಬರ ಅನುಭವ ಮಾತ್ರವಲ್ಲ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವರದಿ ಇದೆ. ಬರೀ ಉಪನ್ಯಾಸದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಅನುತ್ತೀರ್ಣರಾದರೆ, ಮಕ್ಕಳು ತಾವೇ ಕೆಲಸ ಮಾಡುವ, ಚರ್ಚಿಸುವ ತರಗತಿಗಳಲ್ಲಿ ಅದು ಸುಮಾರು 22ಕ್ಕೆ ಇಳಿದಿತ್ತು. ನೂರಕ್ಕೆ ಹನ್ನೆರಡು ಮಕ್ಕಳು ಎಂದರೆ ಹನ್ನೆರಡು ಮನೆಗಳು.

ನಮ್ಮ ದೇಶದಲ್ಲೂ ಇದನ್ನು ಯೋಚಿಸದೆ ಇರಲಿಲ್ಲ. 1948ರಲ್ಲಿ ನೇಮಕವಾದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗಕ್ಕೆ ಡಾ. ರಾಧಾಕೃಷ್ಣನ್ ಅಧ್ಯಕ್ಷರಾಗಿದ್ದರು. ಮೈಸೂರಿನ ಮಹಾರಾಜಾ ಕಾಲೇಜಿನಿಂದ ಹೊರಟಾಗ ವಿದ್ಯಾರ್ಥಿಗಳೇ ಸಾರೋಟು ಎಳೆದುಕೊಂಡು ಹೋಗಿ ಬೀಳ್ಕೊಟ್ಟ ಮೇಷ್ಟರು ಅವರು. ಒಂದೇ ಒಂದು ಸುಧಾರಣೆ ಹೇಳಿ ಎಂದರೆ ಪರೀಕ್ಷಾ ಪದ್ಧತಿಯ ಸುಧಾರಣೆಯನ್ನು ಹೇಳುತ್ತೇವೆ ಎಂಬ ಅರ್ಥದಲ್ಲಿ ಆ ಆಯೋಗ ಬರೆಯಿತು. ಮುಕ್ಕಾಲು ಶತಮಾನ ಕಳೆದಿದೆ. ನಮ್ಮ ಮಕ್ಕಳು ಇನ್ನೂ ಗೈಡು ಬಾಯಿಪಾಠ ಮಾಡುತ್ತಿದ್ದಾರೆ.

ಆಟೋ ಮತ್ತು ಸವಕಳಿ

ಆ ಹುಡುಗಿಯ ಪುಸ್ತಕದಲ್ಲಿ ಡಿಪ್ರಿಸಿಯೇಷನ್ ಎಂಬ ಪಾಠವಿತ್ತು. ನಾಲ್ಕು ಸಾಲಿನ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಿದಳು. "ಹಾಗೆಂದರೇನಮ್ಮಾ?" ಎಂದೆ. ಮೌನ.

"ನಿಮ್ಮಪ್ಪ ಆಟೋ ಓಡಿಸ್ತಾರಲ್ಲ, ಎಷ್ಟಕ್ಕೆ ತಂದದ್ದು?"

"ಒಂದು ಲಕ್ಷ ಎಂಬತ್ತು ಸಾವಿರ ಸಾರ್. ಐದು ವರ್ಷ ಆಯಿತು."

"ಈಗ ಮಾರಿದರೆ?"

"ತೊಂಬತ್ತು ಬಂದರೆ ಹೆಚ್ಚು ಅಂತಾರೆ ಅಪ್ಪ."

"ಉಳಿದ ತೊಂಬತ್ತು ಎಲ್ಲಿ ಹೋಯಿತು?"

ಸ್ವಲ್ಪ ಹೊತ್ತು ಯೋಚಿಸಿದಳು. "ಸವೆದು ಹೋಯಿತು ಸಾರ್."

"ವರ್ಷಕ್ಕೆ ಎಷ್ಟು ಸವೆಯಿತು?"

"ಹದಿನೆಂಟು ಸಾವಿರ." ಮರುಕ್ಷಣವೇ ಕಣ್ಣು ಅರಳಿಸಿ, "ಅಯ್ಯೋ, ಡಿಪ್ರಿಸಿಯೇಷನ್ ಅಂದ್ರೆ ಇಷ್ಟೇನಾ ಸಾರ್?" ಎಂದಳು.

ಇಷ್ಟೇ. ಪುಸ್ತಕದಲ್ಲಿ ಇನ್ನೂ ಹಲವು ಲೆಕ್ಕಗಳಿವೆ, ಆದರೆ ಬಾಗಿಲು ತೆರೆಯಿತು. ಆ ಹುಡುಗಿ ದಡ್ಡಿಯಾಗಿರಲಿಲ್ಲ. ಅವಳಿಗೆ ಗೊತ್ತಿದ್ದ ವಿಷಯಕ್ಕೂ ಪುಸ್ತಕದ ಮಾತಿಗೂ ಯಾರೂ ಸೇತುವೆ ಹಾಕಿರಲಿಲ್ಲ. ದಿನವೂ ಆ ಆಟೋದಲ್ಲೇ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದಳು!

ನಾವು ಏನು ಮಾಡಬಹುದು?

ವಿದ್ಯಾರ್ಥಿಗಳೇ, ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆಯಿರಿ. ಇಂಗ್ಲಿಷ್ ಪದ, ತೆಲುಗು ಪದ, ಕನ್ನಡ ಪದ. ಡಿಪ್ರಿಸಿಯೇಷನ್, ತರುಗುದಲ, ಸವಕಳಿ. ಕ್ಯಾಪಿಟಲ್, ಮೂಲಧನಂ, ಬಂಡವಾಳ. ಇಂಟರೆಸ್ಟ್, ವಡ್ಡಿ, ಬಡ್ಡಿ. ಪಕ್ಕದಲ್ಲಿ ನಿಮ್ಮ ಮನೆಯದೋ ಸಂತೆಯದೋ ಒಂದು ಉದಾಹರಣೆ. ದಿನಕ್ಕೆ ಐದು ಪದ ಸಾಕು. ಆಮೇಲೆ ಪುಸ್ತಕ ಮುಚ್ಚಿ, ನೆನಪಾದದ್ದನ್ನು ಮೊದಲು ಕನ್ನಡದಲ್ಲಿ, ಮತ್ತೆ ಇಂಗ್ಲಿಷಿನಲ್ಲಿ ಬರೆಯಿರಿ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕು, ನಿಜ. ಯೋಚಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿರುವ ಉಪನ್ಯಾಸಕ ಬಂಧುಗಳೇ, ಅರ್ಥವಾಯಿತಾ ಎಂದು ಕೇಳುವುದನ್ನು ಬಿಟ್ಟುಬಿಡೋಣ. ಕೊನೆಯ ಐದು ನಿಮಿಷ ಒಂದೊಂದು ಚೀಟಿ ಕೊಡಿ. ಇಂದು ತಿಳಿದದ್ದು ಒಂದು, ತಿಳಿಯದ್ದು ಒಂದು, ಹೆಸರಿಲ್ಲದೆ, ಯಾವ ಭಾಷೆಯಲ್ಲಾದರೂ ಬರೆಯಲಿ. ಮರುದಿನದ ಪಾಠ ಎಲ್ಲಿಂದ ಶುರುವಾಗಬೇಕೆಂದು ಆ ಚೀಟಿಗಳೇ ಹೇಳುತ್ತವೆ. ಇದಕ್ಕೆ ಸರ್ಕಾರದ ಆದೇಶ ಬೇಡ, ಖರ್ಚೂ ಇಲ್ಲ.

ತಂದೆತಾಯಿಗಳೇ, ನಿಮಗೆ ಇಂಗ್ಲಿಷ್ ಬಾರದು ಎಂದು ಹಿಂದೆ ಸರಿಯಬೇಡಿ. ಊಟಕ್ಕೆ ಕುಳಿತಾಗ, "ಇವತ್ತು ಕಲಿತದ್ದು ನನಗೆ ಅರ್ಥವಾಗುವ ಹಾಗೆ ಹೇಳು" ಎನ್ನಿ. ನಿಮಗೆ ಅರ್ಥ ಮಾಡಿಸಲು ಹೋಗಿ ಮಗುವಿಗೇ ಅರ್ಥವಾಗುತ್ತದೆ. ಒಂದೆರಡು ಸಬ್ಜೆಕ್ಟ್ ಹೋದ ಮಾತ್ರಕ್ಕೆ, ಅದರಲ್ಲೂ ಹೆಣ್ಣುಮಕ್ಕಳನ್ನು, ಕಾಲೇಜು ಬಿಡಿಸುವ ಆತುರ ಬೇಡ. ಗಾರ್ಮೆಂಟ್ಸ್ ಕೆಲಸ ಕೀಳಲ್ಲ. ಆದರೆ ಅದು ಮಗುವಿನ ಆಯ್ಕೆಯಾಗಿರಬೇಕು, ಅರ್ಥವಾಗದ ಒಂದು ಪುಸ್ತಕ ಕೊಟ್ಟ ಶಿಕ್ಷೆಯಾಗಬಾರದು.

ಇನ್ನು ನಮ್ಮ ಯುವಜನರಿಗೆ ಒಂದು ಮಾತು. ಕೊನೆಯ ವರ್ಷದಲ್ಲಿರುವವರು ಭಾನುವಾರ ಪೂಜೆಯ ನಂತರ ಒಂದು ಗಂಟೆ ಮೊದಲ ವರ್ಷದವರ ಜೊತೆ ಕುಳಿತುಕೊಳ್ಳಬಾರದೇ? ಎರಡು ಬೆಂಚು, ಒಂದು ಕಪ್ಪು ಹಲಗೆ ಸಾಕು. ನೀವು ಎಡವಿದ ಜಾಗ ನಿಮಗಿನ್ನೂ ನೆನಪಿದೆ.

ಹುಡುಗಿಯ ಅಪ್ಪನ ಜೊತೆಯೂ ಮಾತನಾಡಿದೆ. ಇನ್ನೊಂದು ಸೆಮಿಸ್ಟರ್ ನೋಡೋಣ ಎಂದಿದ್ದಾರೆ. ಮತ್ತೆ ಬರೆದ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ, ಆದ್ದರಿಂದ ಅವಳು ಗೆದ್ದಳು ಎಂದು ನಾನು ಬರೆಯಲಾರೆ. ಆದರೆ ಕಳೆದ ವಾರ ಅವಳು ಹೇಳಿದ ಒಂದು ಸುದ್ದಿ ಇದೆ. ತರಗತಿಯಲ್ಲಿ ಎಲ್ಲರೂ ತಲೆಯಾಡಿಸಿದಾಗ ಇವಳು ಕೈ ಎತ್ತಿದಳಂತೆ. ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದಳಂತೆ. ಉಪನ್ಯಾಸಕರು ಬೈಯಲಿಲ್ಲ, ಇನ್ನೊಮ್ಮೆ ಹೇಳಿದರಂತೆ. ಹೊರಗೆ ಬಂದಾಗ ನಾಲ್ಕು ಮಂದಿ ಗೆಳತಿಯರು ಅವಳ ಕೈ ಹಿಡಿದುಕೊಂಡರಂತೆ. ಅವರಿಗೂ ಅರ್ಥವಾಗಿರಲಿಲ್ಲ.

ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಮಗು ಇರಬಹುದು. ಇಂದು ರಾತ್ರಿ ಊಟದ ಹೊತ್ತಿಗೆ ಕೇಳಿ ನೋಡಿ.