ಕಂಬಳಿ ಕೊಟ್ಟಾಯ್ತು, ಕಾರ್ಡು ಕೊಡೋರು ಯಾರು?

ಹುಣಸೂರಿನಿಂದ ಬೆಳಗಿನ ಮೊದಲ ಬಸ್ಸುಗಳು ಹೊರಡುವ ಹೊತ್ತಿಗೆ ಗೋಣಿಚೀಲ ಹೊತ್ತವರ ಅರ್ಧ ದಿನದ ದುಡಿಮೆ ಮುಗಿದಿರುತ್ತದೆ. ರಾತ್ರಿ ಅಂಗಡಿಯವರು ಬಾಗಿಲೆಳೆದು ಹೊರಗೆ ಎಸೆದ ರಟ್ಟು, ಪ್ರಯಾಣಿಕರು ಬಿಸಾಡಿದ ನೀರಿನ ಬಾಟಲಿ ಎಲ್ಲವೂ ಚೀಲದೊಳಗೆ. ಆಮೇಲೆ ಊರಾಚೆಯ ಕಸದ ಗುಡ್ಡೆ. ಅದೇ ಅವರ ಹೊಲ, ಅದೇ ಅವರ ಗದ್ದೆ. ಪಿರಿಯಾಪಟ್ಟಣವಿರಲಿ, ಕೃಷ್ಣರಾಜನಗರವಿರಲಿ, ಹೆಗ್ಗಡದೇವನಕೋಟೆಯಿರಲಿ, ಊರಿನ ಹೆಸರು ಬೇರೆ, ಚೀಲ ಒಂದೇ.

ಇವರು ಆಯ್ದದ್ದು ಗುಜರಿ ಅಂಗಡಿಗೆ, ಗುಜರಿಯಿಂದ ಮೈಸೂರಿಗೆ, ಅಲ್ಲಿಂದ ಕಾರ್ಖಾನೆಗೆ ಹೋಗುತ್ತದೆ. ಆಯ್ದಷ್ಟೂ ಕಸ ಸಾಗಿಸುವ ಲಾರಿಯ ಹೊರೆ ಕಮ್ಮಿ. ಆದರೂ ಇವರಿಗೆ ಹಾಜರಿ ಪುಸ್ತಕವಿಲ್ಲ, ಸಂಬಳವಿಲ್ಲ. ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟಾಗ ರಾಜ್ಯವೇ ಮೂಗು ಮುಚ್ಚಿಕೊಂಡಿತು. ಕಾಯಂ ಮಾಡುವ ಮಾತು ಸರ್ಕಾರದ ಬಾಯಿಂದ ಬಂತು. ಕಸ ಆಯುವವರು ಮುಷ್ಕರ ಹೂಡಿದರೆ ಯಾರ ವಿರುದ್ಧ ಹೂಡಬೇಕು? ಧಣಿಯೇ ಇಲ್ಲವಲ್ಲ!

ಇನ್ನು ದಾನಧರ್ಮದ ಮಾತು. ಚಳಿಗಾಲದಲ್ಲಿ ಕಂಬಳಿ, ಹುಟ್ಟುಹಬ್ಬಕ್ಕೆ ಬ್ರೆಡ್ಡು ಬಾಳೆಹಣ್ಣು, ಜೊತೆಗೊಂದು ಫೋಟೋ. ಕೊಡುವ ಕೈಯನ್ನು ದೂರಬೇಕಾಗಿಲ್ಲ. ಆದರೆ ಕಂಬಳಿ ಕೊಟ್ಟವರು ಕಾರು ಹತ್ತಿ ಹೋದ ಮೇಲೆ ಗಾಜು ಚುಚ್ಚಿದ ಕಾಲಿಗೆ ಟಿ.ಟಿ. ಇಂಜೆಕ್ಷನ್ ಹಾಕಿಸೋರು ಯಾರು? ವಿಳಾಸವಿಲ್ಲದ ಮನೆಗೆ ಪಡಿತರ ಚೀಟಿ ಮಾಡಿಸೋರು ಯಾರು?

ಹಾಗೆ ಮಾಡಿದವರು ಇಲ್ಲದೆ ಇಲ್ಲ. ಬೆಲ್ಜಿಯಂನಲ್ಲಿ ಹುಟ್ಟಿದ ಸಿಸ್ಟರ್ ಇಮ್ಯಾನ್ಯುಯೆಲ್ ಪಾಠ ಹೇಳುವ ಕೆಲಸದಿಂದ ನಿವೃತ್ತಿಯಾದ ಮೇಲೆ, 1971ರಲ್ಲಿ ಕೈರೋ ನಗರದ ಕಸ ಆಯುವವರ ಕೇರಿಗೆ ಹೋಗಿ ಗುಡಿಸಲು ಹಾಕಿದರು. 1993ರವರೆಗೆ ಆ ಜನರ ನಡುವೆಯೇ ಇದ್ದರು. ಶಾಲೆ ಬಂತು, ದವಾಖಾನೆ ಬಂತು. ದುಡ್ಡಿಗಿಂತ ದೊಡ್ಡದು ಆಕೆ ಅಲ್ಲೇ ಉಳಿದದ್ದು.

ಅಷ್ಟು ದೂರ ಯಾಕೆ? ಕೋಟೆ ತಾಲ್ಲೂಕನ್ನೇ ನೋಡಿ. ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು ಡಾ. ಆರ್. ಬಾಲಸುಬ್ರಹ್ಮಣ್ಯಂ ಮುಂದಾಳತ್ವದಲ್ಲಿ 1984ರಲ್ಲಿ ವಿವೇಕಾನಂದರ ಹೆಸರಲ್ಲಿ ಸಂಘ ಕಟ್ಟಿದರು. 1987ರಲ್ಲಿ ಬ್ರಹ್ಮಗಿರಿ ಹಾಡಿಯಲ್ಲಿ ಗಿರಿಜನರಿಗೆ ಚಿಕಿತ್ಸೆ ಶುರುವಾಯಿತು. ಹೊಸಹಳ್ಳಿಯ ಶಾಲೆ, ಸರಗೂರಿನ ಆಸ್ಪತ್ರೆ ಎಲ್ಲವೂ ಬೆಳೆದದ್ದು ಆ ಬೇರಿನಿಂದ. ಅದು ಕಸದ ಗುಡ್ಡೆಯ ಕೆಲಸವಲ್ಲ, ನಿಜ. ಆದರೆ ಪಾಠ ಅದೇ: ಒಂದು ದಿನದ ಶಿಬಿರ ಬೇರೆ, ಊರಲ್ಲೇ ಬೇರೂರಿ ಮಾಡುವ ಸೇವೆ ಬೇರೆ.

ಕಾನೂನೇನೂ ಸುಮ್ಮನಿರಲಿಲ್ಲ. ಕಸ ಆಯುವವರನ್ನು ಗುರುತಿಸಿ, ವಿಂಗಡಣೆ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಬೆಂಗಳೂರು ಪಾಲಿಕೆ ಅದಕ್ಕೂ ಮೊದಲೇ, 2011ರಲ್ಲಿ, ಗುರುತಿನ ಚೀಟಿ ಕೊಡಲು ಶುರು ಮಾಡಿತ್ತು. ಅಲ್ಲಿ ಹಸಿರು ದಳ ಎಂಬ ಸಂಸ್ಥೆ ಬೆನ್ನಿಗೆ ನಿಂತಿತು, ಒಣಕಸ ಕೇಂದ್ರಗಳನ್ನು ಆಯುವವರೇ ನಡೆಸಿ ತೋರಿಸಿದರು. ಒಳಚರಂಡಿ ಕಾರ್ಮಿಕರಿಗೆಂದು ಇದ್ದ ಕೇಂದ್ರದ ‘ನಮಸ್ತೆ’ ಯೋಜನೆಗೆ 2024ರಲ್ಲಿ ಇವರನ್ನೂ ಸೇರಿಸಲಾಯಿತು.

ತುರ್ತು ಇರುವುದು ಇಲ್ಲೇ. ಹಳೇ ಕಸದ ರಾಶಿಗಳನ್ನು ಕರಗಿಸಬೇಕೆಂಬುದು 2021ರಲ್ಲಿ ಶುರುವಾದ ಎರಡನೇ ಸ್ವಚ್ಛ ಭಾರತದ ಗುರಿ. ಗುಡ್ಡೆ ಹೋಗಬೇಕಾದದ್ದೇ. 2000ದ ಜುಲೈನಲ್ಲಿ ಫಿಲಿಪ್ಪೀನ್ಸಿನ ಪಯಾಟಾಸ್‌ನಲ್ಲಿ ಕಸದ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದು ಮನುಷ್ಯರು ಬಾಳುವ ಜಾಗವಲ್ಲ. ಆದರೆ ಗುಡ್ಡೆಯ ಜೊತೆಗೆ ಒಲೆಯೂ ಆರಿಹೋಗಬಾರದು. ಯಂತ್ರ ಬರುವ ಮೊದಲು ಇವರ ಪಟ್ಟಿ ಆಗಬೇಕು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

ಅಂಗಡಿಯವರು ಮಾಡಬಹುದಾದ ಕೆಲಸಕ್ಕೆ ಕಾಸೇನೂ ಖರ್ಚಿಲ್ಲ. ರಟ್ಟು, ಪ್ಲಾಸ್ಟಿಕ್ಕು ಒಂದು ಕಡೆ, ಕೊಳೆತದ್ದು ಇನ್ನೊಂದು ಕಡೆ ಇಟ್ಟರೆ ಆಯುವ ಕೈಗೆ ಗಾಯ ಕಮ್ಮಿ. ಓಟು ಕೇಳಲು ಬಂದ ಸದಸ್ಯರಿಗೆ ಒಂದೇ ಪ್ರಶ್ನೆ ಸಾಕು: ‘ಏನ್ ಸ್ವಾಮಿ, ನಮ್ಮೂರಲ್ಲಿ ಕಸ ಆಯೋರು ಎಷ್ಟು ಜನ ಅವ್ರೆ?’

ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಅವರ ಮಂತ್ರಿ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆಗಲೂ ‘ಇದೆಲ್ಲಾ ಆಗೋ ಮಾತಾ?’ ಅಂದವರಿದ್ದರು. ಆಯಿತಲ್ಲ. ಅಂಥ ಅರಸರ ಊರಿನ ಸೀಮೆಯಲ್ಲಿ ಗೋಣಿಚೀಲದವರಿಗೆ ಒಂದು ಕಾರ್ಡು ಕೊಡುವುದು ಮಹಾ ಕಷ್ಟವೇ?