ಕೋಳಿ ಪುಕ್ಕ ಉದುರಿದ್ರೆ ಬೆಳೆ ಔಷಧ ಹೊಡೀತೀರಾ? ಹುಳ ಇರೋದು ಗೂಡಲ್ಲಿ, ವಿಷ ಸೇರೋದು ಮೊಟ್ಟೆಗೆ

ತಾಲ್ಲೂಕು ಕೇಂದ್ರಗಳ ಗೊಬ್ಬರದ ಅಂಗಡಿ ಮುಂದೆ ಒಂದು ಮಾತು ಆಗಾಗ ಕೇಳಿಬರುತ್ತೆ. ‘ಕೋಳಿ ಮೈಮೇಲೆ ಪುಕ್ಕನೇ ಇಲ್ಲ, ಕೂರೆ ಹತ್ತಿರಬೇಕು, ಯಾವುದಾದ್ರೂ ಒಂದು ಬಾಟ್ಲಿ ಕೊಡಿ.’ ಅಂಗಡಿಯಲ್ಲಿ ಇರೋದು ಮೆಣಸಿನಕಾಯಿಗೆ, ಭತ್ತಕ್ಕೆ ಹೊಡೆಯೋ ಔಷಧ. ಅದರಲ್ಲೇ ಒಂದು ಬಾಟ್ಲಿ ಮನೆಗೆ ಬರುತ್ತೆ. ಸಂಜೆ ಕೋಳಿ ಹಿಡಿದು ಮೈಗೆ ಹೊಡೆದದ್ದೂ ಆಯ್ತು. ಕೂರೆ ನಾಲ್ಕು ದಿನ ಕಾಣಲ್ಲ, ವಾರ ಕಳೆದರೆ ಮತ್ತೆ ಹಾಜರು. ಈ ನಡುವೆ ಆ ಕೋಳಿ ಇಟ್ಟ ಮೊಟ್ಟೆಯನ್ನು ಮನೆ ಮಕ್ಕಳು ತಿಂದಿರುತ್ತಾರೆ, ಉಳಿದದ್ದು ಪಕ್ಕದ ಅಂಗಡಿಗೆ ಹೋಗಿರುತ್ತೆ.

2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಎಲ್ಲರ ಬಾಯಲ್ಲೂ ಕೋಳಿ ಸುದ್ದಿನೇ. ಆದರೆ ವರ್ಷವಿಡೀ ಹಿತ್ತಲ ಕೋಳಿಯನ್ನು ಸದ್ದಿಲ್ಲದೆ ಸೊರಗಿಸೋ ಕೂರೆ, ನುಸಿ, ಉಣ್ಣೆ ಬಗ್ಗೆ ಮಾತೇ ಇಲ್ಲ. ಇದು ಸಣ್ಣ ವಿಷಯವೂ ಅಲ್ಲ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿರೋ 85 ಕೋಟಿ ಕೋಳಿ-ಬಾತುಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಲ್ಲಿ ಸಾಕಿದವು. ಹಿಂದಿನ ಗಣತಿಗಿಂತ ಇದು ಸುಮಾರು 46% ಹೆಚ್ಚು. ಹೆಚ್ಚಿನ ಮನೆಗಳಲ್ಲಿ ಈ ಕೋಳಿ ದುಡ್ಡು ಹೆಣ್ಣುಮಕ್ಕಳ ಕೈಖರ್ಚಿನ ದುಡ್ಡು.

ಪುಕ್ಕ ಹೋದದ್ದೆಲ್ಲಾ ಕೂರೆಯಿಂದಲ್ಲ

ಮೊದಲ ತಪ್ಪು ಆಗೋದು ಇಲ್ಲೇ. ಪುಕ್ಕ ಯಾವ ಜಾಗದಲ್ಲಿ ಹೋಗಿದೆ ಅನ್ನೋದನ್ನ ನೋಡಿದರೆ ಅರ್ಧ ಕಾರಣ ಗೊತ್ತಾಗುತ್ತೆ.

ಬೆನ್ನ ಮೇಲೆ, ತಲೆಯ ಹಿಂಭಾಗದಲ್ಲಿ ಮಾತ್ರ ಬೋಳಾಗಿದ್ದರೆ ಅದು ಹುಂಜ ತುಳಿದದ್ದು. ಎಂಟು-ಹತ್ತು ಹೇಟೆಗೆ ಒಂದು ಹುಂಜ ಸಾಕು. ನಾಲ್ಕು ಹೇಟೆಗೆ ಎರಡು ಹುಂಜ ಬಿಟ್ಟರೆ ಬೆನ್ನು ಬೋಳಾಗದೆ ಇನ್ನೇನು? ಎದೆ ಕೆಳಗೆ ಬೋಳಾಗಿದ್ದರೆ ಕಾವಿಗೆ ಕೂತ ಕೋಳಿ ತಾನೇ ಕಿತ್ತುಕೊಂಡಿರಬಹುದು. ಕತ್ತಿನಿಂದ ಶುರುವಾಗಿ ಮೈಯೆಲ್ಲಾ ಉದುರಿ, ಅದೇ ಜಾಗದಲ್ಲಿ ಮುಳ್ಳಿನಂತೆ ಹೊಸ ಗರಿ ಮೂಡ್ತಾ ಇದ್ದರೆ ಅದು ವರ್ಷಕ್ಕೊಮ್ಮೆ ಹಳೇ ಪುಕ್ಕ ಬಿಟ್ಟು ಹೊಸದು ತೊಡೋ ಕಾಲ. ಆಗ ಮೊಟ್ಟೆಯೂ ನಿಲ್ಲುತ್ತೆ. ಇದು ಕಾಯಿಲೆ ಅಲ್ಲ, ಔಷಧ ಬೇಡ. ಪುಕ್ಕದ ಬಹುಪಾಲು ಪ್ರೋಟೀನೇ ಆಗಿರೋದರಿಂದ ಬರೀ ನುಚ್ಚು, ರಾಗಿ ಹಾಕೋ ಬದಲು ಒಂದಿಷ್ಟು ಕಡಲೆಕಾಯಿ ಹಿಂಡಿ, ಒಣ ಮೀನಿನ ಪುಡಿ ಸೇರಿಸಿದರೆ ಬೇಗ ಚೇತರಿಸಿಕೊಳ್ಳುತ್ತೆ. ಒಂದನ್ನೊಂದು ಕುಕ್ಕಿ ಗಾಯ ಮಾಡ್ತಿದ್ದರೆ ಗೂಡು ಇಕ್ಕಟ್ಟಾಗಿದೆ, ಮೇವು ಸಾಲ್ತಿಲ್ಲ ಅಂತ ಅರ್ಥ.

ಮಲದ್ವಾರದ ಸುತ್ತ, ರೆಕ್ಕೆ ಕೆಳಗೆ ಪುಕ್ಕ ಹರಿದು, ಗರಿಯ ಬುಡಕ್ಕೆ ಬಿಳೀ ಗಂಟಿನ ಹಾಗೆ ಸೀರು ಅಂಟಿಕೊಂಡಿದ್ದರೆ ಮಾತ್ರ ಕೂರೆ ಖಚಿತ.

ಹಗಲು ಕೋಳಿ ಮೇಲಿಲ್ಲ, ರಾತ್ರಿ ಬಿಡಲ್ಲ

ಕೂರೆ ಕೋಳಿ ಮೈಮೇಲೇ ಹುಟ್ಟಿ ಅಲ್ಲೇ ಸಾಯುತ್ತೆ. ಆದರೆ ಅದಕ್ಕಿಂತ ಕೆಟ್ಟವು ಎರಡಿವೆ: ಕೆಂಪು ನುಸಿ ಮತ್ತು ಕೋಳಿ ಉಣ್ಣೆ. ಬೆಳೆದ ನುಸಿ, ಉಣ್ಣೆಗಳು ಹಗಲು ಗೂಡಿನ ಸಂದಿ, ಬಿದಿರಿನ ಸೀಳು, ಗೋಡೆ ಬಿರುಕು, ಅಟ್ಟದ ಮರದ ಅಡಿಯಲ್ಲಿ ಅಡಗಿರುತ್ತವೆ. ಕತ್ತಲಾದ ಮೇಲೆ ಹೊರಬಂದು ರಕ್ತ ಹೀರಿ, ಬೆಳಗಾಗೋದರೊಳಗೆ ಮತ್ತೆ ಸಂದಿ ಸೇರುತ್ತವೆ. ಅದಕ್ಕೇ ಹಗಲು ಕೋಳಿ ಹಿಡಿದು ಎಷ್ಟು ಹುಡುಕಿದರೂ ಏನೂ ಸಿಗಲ್ಲ. ಆದರೆ ಜುಟ್ಟು ಬಿಳಿಚಿಕೊಂಡಿರುತ್ತೆ, ಮೊಟ್ಟೆ ಕಮ್ಮಿಯಾಗಿರುತ್ತೆ, ಕೋಳಿ ಸಂಜೆ ಗೂಡಿಗೆ ಹೋಗೋಕೇ ಹಿಂದೇಟು ಹಾಕುತ್ತೆ.

ಸೆಕೆ ಕಾಲದಲ್ಲಿ ಕೆಂಪು ನುಸಿ ವಾರ-ಹತ್ತು ದಿನಕ್ಕೊಂದು ಹೊಸ ಪೀಳಿಗೆ ಮಾಡುತ್ತೆ. ಖಾಲಿ ಗೂಡಲ್ಲೂ ತಿಂಗಳುಗಟ್ಟಲೆ ಉಪವಾಸ ಬದುಕುತ್ತೆ. ಕೋಳಿ ಉಣ್ಣೆಯಂತೂ ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಅದು ರಕ್ತ ಹೀರೋದಷ್ಟೇ ಅಲ್ಲ, ಕೋಳಿಗೆ ಜ್ವರ ಬಂದು ಹಸಿರು ಭೇದಿಯಾಗಿ ಸಾಯೋ ಕಾಯಿಲೆಯನ್ನೂ ಹರಡುತ್ತೆ. ‘ಎಲ್ಲಾ ಕೋಳಿ ಮಾರಿ ಆರು ತಿಂಗಳು ಬಿಟ್ಟು ಹೊಸದು ತಂದೆ, ಆದ್ರೂ ಅದೇ ಕಥೆ’ ಅನ್ನೋ ಮಾತಿಗೆ ಉತ್ತರ ಇಲ್ಲಿದೆ. ಕೋಳಿ ಬದಲಾಯಿತು, ಗೂಡು ಬದಲಾಗಲಿಲ್ಲ.

ಪತ್ತೆ ಮಾಡೋದು ಸುಲಭ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಗೂಡಿನ ಸಂದಿ ನೋಡಬೇಕು. ಇಲ್ಲವೇ ಕೋಳಿ ಕೂರೋ ಕೋಲಿನ ಕೆಳಗೆ ಬಿಳೀ ಬಟ್ಟೆ ಹಾಸಿ ಬೆಳಿಗ್ಗೆ ನೋಡಬೇಕು. ಸಾಸಿವೆಗಿಂತ ಚಿಕ್ಕ ಚುಕ್ಕೆ ಓಡಾಡ್ತಿದ್ದು, ಒರೆಸಿದರೆ ರಕ್ತದ ಗೆರೆ ಬಂದರೆ ಅದು ನುಸಿ.

ಯುರೋಪಿನಲ್ಲಿ ಕೋಟಿಗಟ್ಟಲೆ ಮೊಟ್ಟೆ ಮಣ್ಣುಪಾಲು

ಬೆಳೆ ಔಷಧ ಹೊಡೆದರೆ ಏನಾಗುತ್ತೆ ಅನ್ನೋದಕ್ಕೆ 2017ರ ಘಟನೆ ಸಾಕ್ಷಿ. ನೆದರ್ಲೆಂಡ್ಸ್, ಬೆಲ್ಜಿಯಂನ ಕೋಳಿ ಫಾರಂಗಳಲ್ಲಿ ಇದೇ ಕೆಂಪು ನುಸಿ ಓಡಿಸಲು ನೀಲಗಿರಿ, ಪುದೀನದಂಥ ಗಿಡಮೂಲಿಕೆ ಔಷಧ ಅಂತ ಹೇಳಿ ಸಿಂಪಡಿಸಿದ್ದರಲ್ಲಿ ಫಿಪ್ರೊನಿಲ್ ಬೆರೆತಿತ್ತು. ಅದು ಮೊಟ್ಟೆಯಲ್ಲಿ ಪತ್ತೆಯಾಯಿತು. ನೆದರ್ಲೆಂಡ್ಸ್‌ನಲ್ಲೇ ಸುಮಾರು 180 ಫಾರಂಗಳ ವಹಿವಾಟು ನಿಂತಿತು, ಕೋಟಿಗಟ್ಟಲೆ ಮೊಟ್ಟೆ ನಾಶ ಮಾಡಬೇಕಾಯಿತು. ಔಷಧ ಸಿಂಪಡಿಸಿದ ಸಂಸ್ಥೆಯ ಇಬ್ಬರಿಗೆ 2021ರಲ್ಲಿ ಜೈಲು ಶಿಕ್ಷೆಯಾಯಿತು.

ಅದೇ ಫಿಪ್ರೊನಿಲ್ ನಮ್ಮಲ್ಲಿ ಭತ್ತ, ಕಬ್ಬಿಗೆ ಬಳಸೋ ಔಷಧವಾಗಿ ಅಂಗಡಿಯಲ್ಲೇ ಸಿಗುತ್ತೆ. ಅಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಗೊತ್ತಾಯಿತು. ನಮ್ಮ ಸಂತೆಯಲ್ಲಿ ಮಂಕರಿಯಲ್ಲಿಟ್ಟು ಮಾರೋ ನಾಟಿ ಮೊಟ್ಟೆಯನ್ನ ಯಾರು ಪರೀಕ್ಷೆ ಮಾಡ್ತಾರೆ? ಫಾರಂ ಮೊಟ್ಟೆಗಿಂತ ದುಪ್ಪಟ್ಟು ಕೊಟ್ಟು ಜನ ಅದನ್ನ ಕೊಳ್ಳೋದು ‘ಕೆಮಿಕಲ್ ಇಲ್ಲ’ ಅನ್ನೋ ಒಂದೇ ನಂಬಿಕೆ ಮೇಲೆ. ಬಾಣಂತಿಗೆ, ಮಗುವಿಗೆ ಅಂತ ಹುಡುಕಿಕೊಂಡು ಬರ್ತಾರೆ. ಆ ನಂಬಿಕೆ ಹೋದರೆ ದರವೂ ಹೋಗುತ್ತೆ.

ಏನು ಮಾಡಬೇಕು?

ಮೊದಲ ಕೆಲಸ ಗೂಡಿನದು. ಹಗಲು ಕೋಳಿ ಹೊರಗೆ ಬಿಟ್ಟು, ಹಳೇ ಹುಲ್ಲು-ಗೊಬ್ಬರ ಎಲ್ಲಾ ತೆಗೆದು ಸುಡಬೇಕು. ಸಂದಿಗೆ ಕುದಿಯೋ ನೀರು ಸುರಿದು, ಒಣಗಿದ ಮೇಲೆ ಬಿರುಕು ಮುಚ್ಚಿ ಸುಣ್ಣ ಬಳಿಯಬೇಕು. ಒಂದು ಸಲಕ್ಕೆ ಮುಗಿಯಲ್ಲ. ಉಳಿದ ಮೊಟ್ಟೆ ಒಡೆದು ಮರಿ ಬರೋದರಿಂದ ವಾರ-ಹತ್ತು ದಿನಕ್ಕೆ ಮತ್ತೆ ಮಾಡಲೇಬೇಕು. ಹೆಚ್ಚಿನವರು ಸೋಲೋದು ಈ ಎರಡನೇ ಸಲ ಮಾಡದೇ ಇರೋದರಿಂದ.

ಮಳೆ ಬೀಳದ ಕಡೆ ಒಲೆ ಬೂದಿ, ಮರಳು, ಒಣ ಮಣ್ಣು ಬೆರೆಸಿದ ಗುಂಡಿ ಮಾಡಿಕೊಟ್ಟರೆ ಕೋಳಿ ತಾನೇ ಹೊರಳಾಡಿ ಕೂರೆ ಕಮ್ಮಿ ಮಾಡಿಕೊಳ್ಳುತ್ತೆ. ಸಂತೆಯಿಂದ ತಂದ ಕೋಳಿಯನ್ನ ಎರಡು-ಮೂರು ವಾರ ಬೇರೆ ಕಡೆ ಕಟ್ಟಬೇಕು. ಮಂಕರಿಯನ್ನೂ ಬಿಸಿನೀರಲ್ಲಿ ತೊಳೆಯಬೇಕು, ನುಸಿ ಅದರ ಹೆಣಿಗೆಯಲ್ಲೂ ಬರುತ್ತೆ.

ಇಷ್ಟಕ್ಕೂ ಬಗ್ಗದಿದ್ದರೆ ಔಷಧ ಬೇಕೇ ಬೇಕು. ಆದರೆ ಯಾವುದು, ಎಷ್ಟು, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನೋದನ್ನ ಪಶುವೈದ್ಯರೇ ಹೇಳಬೇಕು. ಹಸುವಿನ ಉಣ್ಣೆಗೆ ಕೊಟ್ಟ ಔಷಧವನ್ನ ಅಂದಾಜಿನ ಮೇಲೆ ಕೋಳಿಗೆ ಹಾಕೋದೂ ತಪ್ಪೇ. ಜಂತುಹುಳದ ಔಷಧಕ್ಕೂ ಇದೇ ಮಾತು.

ಒಂದು ಕೋಳಿಗೋಸ್ಕರ ಕೂಲಿ ಬಿಟ್ಟು ಪಶು ಆಸ್ಪತ್ರೆಗೆ ಯಾರು ಹೋಗ್ತಾರೆ ಅನ್ನೋದು ನ್ಯಾಯವಾದ ಪ್ರಶ್ನೆ. ಹಸು-ಎಮ್ಮೆಗೇ ಸಾಲು ನಿಂತಿರೋ ಕಡೆ ಕೋಳಿ ಹಿಡಿದು ಹೋಗೋಕೆ ಸಂಕೋಚವೂ ಆಗುತ್ತೆ. ಆದರೆ ಪಶುಪಾಲನಾ ಇಲಾಖೆಯ ಉಚಿತ ಸಹಾಯವಾಣಿ 1962ಕ್ಕೆ ಒಂದು ಕರೆ ಮಾಡಿ ಕೇಳೋಕೆ ಖರ್ಚಿಲ್ಲ.

ಅಂಗಡಿಯವರ ಪಾತ್ರವೂ ಸಣ್ಣದಲ್ಲ. ಕೀಟನಾಶಕದ ಬಾಟ್ಲಿ ಮೇಲೆ ಯಾವ ಬೆಳೆಗೆ, ಯಾವ ಹುಳಕ್ಕೆ ಅಂತ ಬರೆದೇ ಇರುತ್ತೆ. ಅದರಲ್ಲಿ ಕೋಳಿ ಹೆಸರಿರಲ್ಲ. ‘ಇದು ಕೋಳಿಗಲ್ಲ, ಮೊದಲು ಗೂಡು ನೋಡಿ’ ಅಂತ ಅಂಗಡಿಯವರು ಒಂದು ಮಾತು ಹೇಳಿದರೆ ಒಂದು ಬಾಟ್ಲಿ ವ್ಯಾಪಾರ ಹೋಗಬಹುದು. ಆದರೆ ಅದೇ ಅಂಗಡಿಯವರ ಮನೆಗೂ ನಾಳೆ ಸಂತೆಯಿಂದ ಬರೋದು ಅದೇ ನಾಟಿ ಮೊಟ್ಟೆ.